ಕರಿಬೇವಿಗೆ ಸುರಿದ ಹೆಪ್ಪು

ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಅನ್ನುತ್ತಾರೆ. ನಾನು ಆ ಗಾದೆಯ ಮೊದಲ ಅರ್ಧ ಪಾಸಾಗಿ, ಎರಡನೆಯ ಅರ್ಧಕ್ಕೆ ಫೇಲಾದವನು. ಎಪ್ಪತ್ತನಾಲ್ಕು ವರ್ಷ ನನಗೆ. ಬೈಲಹೊಂಗಲದ ನನ್ನ ಎರಡು ಕೋಣೆಯ ಮನೆಯಿಂದ ಬೆಳಗ್ಗೆ ಹೊರಟು ಸವದತ್ತಿ ರಸ್ತೆಯಲ್ಲಿ ಒಂದೂವರೆ ತಾಸು ನಡೆಯುತ್ತೇನೆ. ತಿರುಗಿ ಬಂದು ನಲವತ್ತು ಬಸ್ಕಿ ಹೊಡೆಯುತ್ತೇನೆ. ಹಿತ್ತಲ ನಲ್ಲಿಯಿಂದ ಎರಡೂ ಕೈಯಲ್ಲಿ ತುಂಬಿದ ಕೊಡ ಹಿಡಿದು ಒಳಗೆ ಬರುತ್ತೇನೆ. ನನ್ನ ಓರಗೆಯವರು ಬಸ್ ಸ್ಟ್ಯಾಂಡಿನ ಕಟ್ಟೆಯ ಮೇಲೆ ಕೋಲು ಹಿಡಿದು ಕೂತಿರುತ್ತಾರೆ. ನನ್ನನ್ನು ಕಂಡರೆ "ಮುದುಕ ಏನ್ ಗಟ್ಟಿ ಅದಾನ ನೋಡ್ರಿ" ಅನ್ನುತ್ತಾರೆ. ಮೊದಲು ಕೇಳಿ ಹಿಗ್ಗುತ್ತಿದ್ದೆ, ಮನೆಗೆ ಬಂದು ಹೆಂಡತಿಗೆ ಹೇಳುತ್ತಿದ್ದೆ. ಈಗ ಹೇಳಲು ಮನೆಯಲ್ಲಿ ಯಾರೂ ಇಲ್ಲ.

ಮೂವತ್ತನಾಲ್ಕು ವರ್ಷ ಬಸ್ ಕಂಡಕ್ಟರ್ ಆಗಿದ್ದೆ. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ, ಈ ಊರುಗಳ ನಡುವಿನ ರಸ್ತೆಯ ಒಂದೊಂದು ತಗ್ಗೂ ನನ್ನ ಮೊಣಕಾಲಿಗೆ ಪರಿಚಯ. ನಿಂತು ನಿಂತು ಆ ಮೊಣಕಾಲು ಕೆಟ್ಟವು. ನಿವೃತ್ತನಾಗುವ ಹೊತ್ತಿಗೆ ಬಸ್ಸಿನ ಮೆಟ್ಟಿಲು ಇಳಿಯಲು ಯಾರಾದರೂ ಕೈ ಕೊಡಬೇಕಾಗಿತ್ತು. ಸಕ್ಕರೆ ಕಾಯಿಲೆ ಬಾಗಿಲಿಗೆ ಬಂದು ನಿಂತಿತ್ತು. ಹೊಟ್ಟೆ ಟಿಕೀಟಿನ ಚೀಲಕ್ಕಿಂತ ಮುಂದೆ ನಡೆಯುತ್ತಿತ್ತು.

ಆಗ ಊರ ಶಾಲೆಯ ಮೈದಾನದಲ್ಲಿ ಹದಿನೈದು ದಿನದ ಯೋಗದ ಶಿಬಿರ ನಡೆಯಿತು. ಕಲಿಸಲು ಬಂದಿದ್ದ ಹಿರಿಯರು ನನ್ನ ಮೊಣಕಾಲು ಒತ್ತಿ ನೋಡಿ, "ಆರು ತಿಂಗಳು ಹಾಲು, ಮೊಸರು, ಬೆಣ್ಣೆ, ತುಪ್ಪ ಎಲ್ಲಾ ಬಿಟ್ಟು ನೋಡ್ರಿ. ರೊಟ್ಟಿ, ಕಾಳು, ಪಲ್ಲೆ ಸಾಕು. ಎಮ್ಮಿ ಹಾಲು ಎಮ್ಮಿ ಕರಕ್ಕ ಬಿಡ್ರಿ" ಅಂದರು. ನಾನು ಹಿಡಿದರೆ ಉಡದ ಹಿಡಿತ ಹಿಡಿಯುವವನು. ಆರು ತಿಂಗಳು ಅಂದದ್ದು ಹನ್ನೆರಡು ವರ್ಷವಾಯಿತು.

ಮೊಳಕೆ ಬಂದ ಹೆಸರು, ಮಡಕಿ ಕಾಳು ಬೆಳಗ್ಗೆ. ಮಧ್ಯಾಹ್ನ ಎರಡು ಜೋಳದ ರೊಟ್ಟಿ, ಪುಂಡಿಪಲ್ಲೆಯೋ ಮೆಂತ್ಯೆಯೋ, ಜೊತೆಗೊಂದು ಕಾಳಿನ ಪಲ್ಲೆ, ಹಸಿ ಉಳ್ಳಾಗಡ್ಡಿ, ಚಳಿಗಾಲದಲ್ಲಿ ಹೊಲದಿಂದ ಬರುವ ಹಕ್ಕರಿಕೆ ಸೊಪ್ಪು, ಕೊನೆಗೆ ಒಂದು ಹಿಡಿ ಸಾರನ್ನ. ಗುರೆಳ್ಳು ಚಟ್ನಿಗೆ ನಮ್ಮ ಕಡೆ ಎಲ್ಲರೂ ಮೊಸರು ಕಲಸಿಕೊಳ್ಳುತ್ತಾರೆ, ನಾನು ಶೇಂಗಾ ಎಣ್ಣೆ ಹಾಕಿಕೊಳ್ಳುತ್ತೇನೆ. ರಾತ್ರಿ ನುಚ್ಚು. ಒಂದು ವರ್ಷದಲ್ಲಿ ಹೊಟ್ಟೆ ಇಳಿಯಿತು, ಮೊಣಕಾಲು ಮಡಚತೊಡಗಿದವು. ಅದು ಹಾಲು ಬಿಟ್ಟದ್ದಕ್ಕೋ, ನಡೆದದ್ದಕ್ಕೋ, ಮದುವೆ ಮನೆಯ ಬುಂದಿ ಬಿಟ್ಟದ್ದಕ್ಕೋ, ಪ್ರಾಮಾಣಿಕವಾಗಿ ಹೇಳಬೇಕೆಂದರೆ ನನಗೆ ಗೊತ್ತಿಲ್ಲ. ಊರವರ ಮುಂದೆ ಮಾತ್ರ ಗೊತ್ತಿದ್ದವನ ಹಾಗೆಯೇ ಮಾತಾಡುತ್ತಿದ್ದೆ. ನಡುವೆ ಒಮ್ಮೆ ಕೈಕಾಲು ಜುಮುಗುಟ್ಟಲು ಹತ್ತಿ ಡಾಕ್ಟರ ಹತ್ತಿರ ಹೋದೆ. ಅವರು ರಕ್ತ ತಪಾಸಣೆ ಮಾಡಿಸಿ, "ಹಾಲು ಬಿಟ್ಟವರಿಗೆ ಬಿ ಹನ್ನೆರಡು ಕಮ್ಮಿ ಆಗತೈತಿ, ಈ ಗುಳಗಿ ಬಿಡಬ್ಯಾಡ್ರಿ" ಎಂದು ಬರೆದುಕೊಟ್ಟರು. ಆ ಗುಳಿಗೆಯ ಸುದ್ದಿಯನ್ನು ನಾನು ಕಟ್ಟೆಯ ಮೇಲಿನವರಿಗೆ ಎಂದೂ ಹೇಳಲಿಲ್ಲ.

ನಮ್ಮ ಸೀಮೆಯಲ್ಲಿ ಮಾಂಸ ತಿನ್ನದವರ ಮನೆ ಓಣಿಗೆ ಹತ್ತು ಸಿಗುತ್ತವೆ. ಹಾಲು ಕುಡಿಯದವನ ಮನೆ ನನ್ನದೊಂದೇ. ಯಾರ ಮನೆಗೆ ಹೋದರೂ ಮೊದಲು ಬರುವುದು ಚಹಾ, ಇಲ್ಲದಿದ್ದರೆ ಮಜ್ಜಿಗೆ. ಬೇಡ ಅಂದರೆ ಆ ಮನೆಯ ಹೆಣ್ಣುಮಗಳ ಮುಖ ಸಣ್ಣಗಾಗುತ್ತದೆ. "ಹಾಲಿಲ್ಲದ ಕರೇ ಚಾ ಮಾಡ್ರಿ" ಅಂದರೆ, ಸಾವಿನ ಮನೆಯಲ್ಲಿ ಕುಡಿದ ಹಾಗೆ ಕುಡಿಯುತ್ತೀರಲ್ಲ ಎಂದು ಮುಖಕ್ಕೇ ಅಂದವರುಂಟು. ಮೊದಮೊದಲು ನಗುತ್ತಿದ್ದರು, ಆಮೇಲೆ ಕರೆಯುವುದು ಬಿಟ್ಟರು. ನಾನೂ ಬಾಯಿ ಮುಚ್ಚಿಕೊಂಡು ತಿನ್ನುವವನಲ್ಲ. ಪಂಕ್ತಿಯಲ್ಲಿ ಕೂತು ಪಕ್ಕದವನ ಎಲೆಗೆ ತುಪ್ಪ ಬೀಳುವಾಗ ಅವನ ರಕ್ತನಾಳದ ವರ್ಣನೆ ಮಾಡುತ್ತಿದ್ದೆ. ಅಂಥವನ ಪಕ್ಕ ಯಾರು ಕೂಡುತ್ತಾರೆ?

ಇನ್ನು ನಮ್ಮಾಕೆಯ ಮೊಸರಿನ ವಿಷಯ.

ಅವಳು ತೊರಗಲ್ಲಿನವಳು. ಮದುವೆಯಾಗಿ ಬರುವಾಗ ಬಸ್ಸಿನಲ್ಲಿ ಸೀರೆಯ ಮಡಿಲಲ್ಲಿ ಒಂದು ಸಣ್ಣ ಗಡಿಗೆ ಇಟ್ಟುಕೊಂಡು ಬಂದಿದ್ದಳು. ಅದರಲ್ಲಿ ತವರಿನ ಮೊಸರಿನ ಹೆಪ್ಪು. ಅವಳ ತಾಯಿಗೆ ಅದು ಅತ್ತೆಯಿಂದ ಬಂದದ್ದಂತೆ. ಎಮ್ಮೆಯ ಹಾಲನ್ನು ಕಾಸಿ, ಕಿರುಬೆರಳು ಅದ್ದಿ ಬಿಸಿ ನೋಡಿ, ನಿನ್ನೆಯ ಮೊಸರಿನ ಒಂದು ಚಮಚ ಹಾಕಿ ಕದಡಿ, ಗಡಿಗೆಯನ್ನು ತೂಗುಹಗ್ಗದ ನೆಲುವಿನ ಮೇಲೆ ಇಡುತ್ತಿದ್ದಳು. ನಲವತ್ತೈದು ವರ್ಷ ಆ ಸರಪಳಿ ಒಂದು ದಿನವೂ ಕಡಿಯಲಿಲ್ಲ. ಬಾಣಂತನಕ್ಕೆ ಹೋದರೂ ಹೆಪ್ಪು ಜೊತೆಗೆ ಹೋಗುತ್ತಿತ್ತು. ಗಡಿಗೆ ಬೋರಲು ಹಾಕಿದರೂ ಮೊಸರು ಬೀಳುತ್ತಿರಲಿಲ್ಲ. ಓಣಿಯವರ ಹೆಪ್ಪು ಕೆಟ್ಟರೆ ಬಟ್ಟಲು ಹಿಡಿದು ನಮ್ಮ ಮನೆಗೇ ಬರುತ್ತಿದ್ದರು. ದೀಪ ಹಚ್ಚಿದ ಮೇಲೆ ಮಾತ್ರ ಕೊಡುತ್ತಿರಲಿಲ್ಲ, ಹಾಗೆ ಕೊಟ್ಟರೆ ಮನೆಯ ಲಕ್ಷ್ಮಿ ಹೋಗುತ್ತಾಳೆ ಅನ್ನುವವಳು. ಹಗಲು ಬಂದವರಿಗೆ ಎಂದೂ ಇಲ್ಲ ಅನ್ನಲಿಲ್ಲ. "ಕೊಡೂದು ಚೊಲೋ ರೀ. ನಂದು ಒಂದಿನ ಕೆಟ್ರ ಅವರ ಮನ್ಯಾಗಾರ ಇರತೈತಿ" ಅನ್ನುತ್ತಿದ್ದಳು.

ನಾನು ಬಿಟ್ಟ ದಿನ ಅವಳು ಅನ್ನದ ಮೇಲೆ ಮೊಸರು ಬಡಿಸಲು ಬಂದಳು. ನಾನು ತಾಟಿನ ಮೇಲೆ ಅಂಗೈ ಅಡ್ಡ ಹಿಡಿದೆ.

"ಒಂದ ಚಮಚಾ ರೀ."

"ಬ್ಯಾಡ ಅಂದ್ನೆಲ್ಲ."

ಅವಳು ಚಮಚವನ್ನು ಗಡಿಗೆಗೆ ವಾಪಸು ಹಾಕಿದಳು. ನಾನು ಗೆದ್ದೆ ಅಂದುಕೊಂಡೆ. ಅಂದಿನಿಂದ ಸಾರನ್ನ ಮುಗಿದ ಕೂಡಲೇ ಎದ್ದು ಕೈತೊಳೆಯುವುದು ರೂಢಿ ಮಾಡಿಕೊಂಡೆ. ಎದುರಿಗೆ ಕೂತು ಅವಳ ತಾಟು ನೋಡಿದರೆ ಬಾಯಲ್ಲಿ ನೀರು ಬರುತ್ತದೆಂಬ ಹೆದರಿಕೆ. ಅದನ್ನು ಒಪ್ಪಿಕೊಳ್ಳದೆ, ಬಚ್ಚಲ ಬಾಗಿಲಲ್ಲಿ ನಿಂತು ಅವಳಿಗೆ ಬುದ್ಧಿ ಹೇಳುತ್ತಿದ್ದೆ. "ನಿನ್ನ ಕಾಲು ನೋಡು, ಮೈ ನೋಡು, ಬಿಡು ಆ ಮೊಸರು" ಎಂದು. ಅವಳು ನಕ್ಕು, "ಮುದುಕಗ ಹರೇ ಬಂದೈತಿ" ಅನ್ನುತ್ತಿದ್ದಳು.

ಹೋದ ವರ್ಷ ಎಳ್ಳಮಾವಾಸ್ಯೆಗೆ ಇನ್ನೂ ನಾಲ್ಕು ದಿನ ಇರುವಾಗ, ಮಧ್ಯಾಹ್ನ ಕಾಳು ಹಸನು ಮಾಡುತ್ತ ಕೂತಿದ್ದವಳು "ಎದಿ ಹಿಡದಂಗ ಆಗೇತಿ ನೋಡ್ರಿ" ಅಂದಳು. ಆಟೋ ತರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಹೆಗಲು ಕೊಟ್ಟು ಸ್ಮಶಾನದವರೆಗೆ ನಡೆದೆ, ಹೆಗಲು ಬದಲಿಸಲಿಲ್ಲ. ಅಲ್ಲಿಯೂ ಯಾರೋ ಹಿಂದಿನಿಂದ "ಮುದುಕ ಗಟ್ಟಿ ಅದಾನ" ಅಂದದ್ದು ಕೇಳಿಸಿತು. ಆ ಮಾತಿಗೆ ಅಷ್ಟು ಸಿಟ್ಟು ನನಗೆ ಅದಕ್ಕೂ ಮುಂಚೆ ಎಂದೂ ಬಂದಿರಲಿಲ್ಲ.

ನೆಂಟರೆಲ್ಲ ಹೋದ ಮೇಲೆ ಮನೆಯಲ್ಲಿ ನಾನೊಬ್ಬನೇ ಉಳಿದೆ. ನೆಲುವಿನ ಮೇಲಿನ ಗಡಿಗೆಯನ್ನು ಬಂದ ಹೆಂಗಸರು ಒಂದಷ್ಟು ದಿನ ನಡೆಸಿದ್ದರು. ಆಮೇಲೆ ಯಾರೂ ಹಾಲು ಹಾಕಲಿಲ್ಲ. ಒಂದು ಬೆಳಗ್ಗೆ ಹುಳಿ ವಾಸನೆ ಮನೆ ತುಂಬಿತ್ತು. ಇಳಿಸಿದೆ. ಹುಳಿ ಮಜ್ಜಿಗೆ ಹಾಕಿದರೆ ಕರಿಬೇವು ಚೆನ್ನಾಗಿ ಚಿಗುರುತ್ತದೆ ಎಂದು ಅವಳೇ ಹೇಳುತ್ತಿದ್ದಳು. ಅಷ್ಟನ್ನೂ ಹಿತ್ತಲ ಕರಿಬೇವಿನ ಬುಡಕ್ಕೆ ಸುರಿದೆ. ಗಡಿಗೆಯನ್ನು ಬೂದಿ ಹಾಕಿ ತಿಕ್ಕಿ, ಬಿಸಿಲಿಗೆ ಒಣಗಿಸಿ, ಚೊಕ್ಕ ಮಾಡಿ ಇಟ್ಟೆ. ಒಳ್ಳೆಯ ಕೆಲಸ ಮಾಡಿದೆ ಅಂತಲೇ ನನ್ನ ತಿಳುವಳಿಕೆ.

ಒಂದು ವಾರದ ಮೇಲೆ ಮಗಳು ಬಂದಳು. ನಮಗೆ ಒಬ್ಬಳೇ ಮಗಳು. ರಾಮದುರ್ಗದಲ್ಲಿರುತ್ತಾಳೆ, ಅಳಿಯನದು ನೇಕಾರಿಕೆ. ಬಂದವಳು ಮೊದಲು ಅಡುಗೆಮನೆಗೆ ಹೋದಳು. ಕೈಯಲ್ಲಿ ಒಂದು ಸ್ಟೀಲ್ ಡಬ್ಬಿ ಇತ್ತು.

"ಯಪ್ಪಾ, ಅವ್ವನ ಹೆಪ್ಪು ಎಲ್ಲಿ?"

"ಕೆಟ್ಟಿತ್ತವಾ. ಕರಿಬೇವಿಗೆ ಹಾಕಿದೆ."

ಅವಳು ಆ ತೊಳೆದ ಗಡಿಗೆ ಕೈಗೆತ್ತಿಕೊಂಡು ಒಳಗೆ ನೋಡಿದಳು, ಮೂಸಿದಳು. "ಅವ್ವನ್ನ ಮಣ್ಣ ಮಾಡಿ ಇನ್ನಾ ತಿಂಗಳಾಗಿಲ್ಲ. ಆಕಿ ಹೆಪ್ಪೂ ಮಣ್ಣಿಗೆ ಹಾಕಿದ್ರಿ? ನಿಮಗ ಬ್ಯಾಡಾಗಿತ್ತು ಖರೆ. ನನ್ನ ಒಂದ ಮಾತ ಕೇಳಬಾರದಾಗಿತ್ತೇನು?"

ನಾನು ಸುಮ್ಮನಿರಬೇಕಿತ್ತು. ಮಾತು ಬಲ್ಲವನಲ್ಲ ಎಂದು ಮೊದಲೇ ಹೇಳಿದೆನಲ್ಲ. "ಇಷ್ಟ ದಿನಾ ನೀ ಪಾಕೀಟ ಮೊಸರ ತಿಂದಿ, ಆಗ ನೆನಪಾಗಲಿಲ್ಲೇನು?" ಅಂದುಬಿಟ್ಟೆ. ಅವಳು ಅಂದೇ ಸಂಜೆಯ ಬಸ್ಸಿಗೆ ಹೊರಟುಹೋದಳು. ಡಬ್ಬಿ ನಮ್ಮ ಅಡುಗೆ ಕಟ್ಟೆಯ ಮೇಲೇ ಉಳಿಯಿತು.

ಆ ಒಂದು ವರ್ಷ ನಾನು ಹೇಗೆ ಕಳೆದೆ ಎಂದು ಬರೆಯಲು ನನಗೆ ನಾಚಿಕೆ. ವಾರಕ್ಕೊಮ್ಮೆ ಫೋನು ಬರುತ್ತಿತ್ತು. "ಉಂಡ್ರೇನು?" "ಉಂಡೆ." "ಗುಳಗಿ ತಗೊಂಡ್ರೇನು?" "ತಗೊಂಡೆ." ಅಷ್ಟೇ. ಅತ್ತ ಕಡೆ ಫೋನು ಇಡುವ ಸದ್ದು. ನಾನು ಒಬ್ಬನೇ ರೊಟ್ಟಿ ಬಡಿಯುವುದು ಕಲಿತೆ, ಒಬ್ಬನೇ ಕಾಳು ನೆನೆಹಾಕುತ್ತಿದ್ದೆ, ಒಬ್ಬನೇ ತಿಂದು ತಾಟು ತೊಳೆಯುತ್ತಿದ್ದೆ. ನಡಿಗೆ ತಪ್ಪಿಸಲಿಲ್ಲ, ಬಸ್ಕಿ ತಪ್ಪಿಸಲಿಲ್ಲ. ಮೈ ಇನ್ನೂ ಗಟ್ಟಿಯಾಯಿತು. ಒಮ್ಮೊಮ್ಮೆ ನಡುರಸ್ತೆಯಲ್ಲಿ ನಿಂತು, ಇಷ್ಟು ಗಟ್ಟಿ ಇಟ್ಟುಕೊಂಡು ಯಾರ ಮನೆಯ ಗೋಡೆ ಆನಿಸಿ ನಿಲ್ಲಿಸಬೇಕಾಗಿದೆ ನಾನು ಅನ್ನಿಸುತ್ತಿತ್ತು.

ವರ್ಷದ ದಿನ ಹತ್ತಿರ ಬಂತು. ನಮ್ಮಲ್ಲಿ ಆ ದಿನ ಸತ್ತವರಿಗೆ ಇಷ್ಟವಾದದ್ದನ್ನು ಮಾಡಿ ಎಡೆ ಇಡುತ್ತಾರೆ. ಮಗಳು ತನ್ನ ಮನೆಯಲ್ಲೇ ಮಾಡುತ್ತೇನೆ ಅಂದಳು. ಫೋನಿನಲ್ಲಿ ಏನೇನು ಅಡಿಗೆ ಎಂದು ಹೇಳುತ್ತ ಹೋಗಿ ಕೊನೆಗೆ, "ಆಕೀದ ಮೊಸರ ಇಡಬೇಕಂತ ಭಾಳ ಇತ್ತು. ಇರ್ಲಿ ಬಿಡ್ರಿ" ಅಂದು ಇಟ್ಟಳು. ಆ "ಇರ್ಲಿ ಬಿಡ್ರಿ" ನನ್ನನ್ನು ಇರಗೊಡಲಿಲ್ಲ. ಎಡೆಯ ದಿನಕ್ಕೆ ಇನ್ನೂ ಎಂಟು ದಿನವಿತ್ತು. ಆ ಹೆಪ್ಪು ಎಲ್ಲೋ ಒಂದು ಮನೆಯಲ್ಲಿ ಇರಲೇಬೇಕು. ತಂದುಕೊಟ್ಟರೆ ಮಗಳು ನನ್ನ ಜೊತೆ ಮೊದಲಿನ ಹಾಗೆ ಮಾತಾಡಿಯಾಳು ಎಂಬ ಆಸೆ. ಅವಳು ಬಿಟ್ಟುಹೋಗಿದ್ದ ಡಬ್ಬಿಯನ್ನೇ ಚೀಲದಲ್ಲಿ ಹಾಕಿಕೊಂಡು ಹೊರಟೆ.

ಮೊದಲು ತೊರಗಲ್ಲಿಗೆ. ಸವದತ್ತಿಗೆ ಹೋಗಿ, ಅಲ್ಲಿಂದ ರಾಮದುರ್ಗ, ಅಲ್ಲಿ ಬಸ್ ಬದಲಿಸಬೇಕು. ಮಗಳ ಮನೆ ಸ್ಟ್ಯಾಂಡಿನಿಂದ ಹತ್ತು ನಿಮಿಷದ ದಾರಿ. ಬರಿಗೈಯಲ್ಲಿ ಹೋಗುವುದು ಬೇಡವೆಂದು ತೊರಗಲ್ ಬಸ್ಸು ಹತ್ತಿದೆ. ಬಸ್ಸಿನ ತುಂಬ ಹೆಣ್ಣುಮಕ್ಕಳು, ಈಗ ಅವರಿಗೆ ಟಿಕೀಟು ಇಲ್ಲವಲ್ಲ. ಕೂತಲ್ಲೇ ತಲೆ ಎಣಿಸಿದೆ, ಹಳೆಯ ಚಟ. ಅವಳಿದ್ದರೆ ಪುಕ್ಕಟೆ ತವರಿಗೆ ಬರುತ್ತಿದ್ದಳು ಅನ್ನಿಸಿತು.

ಅವಳ ತಮ್ಮ ಮನೆಯಲ್ಲೇ ಇದ್ದ. "ಎಮ್ಮಿ ಕೊಟ್ಟು ಆರ ವರ್ಷಾತ್ರಿ ಮಾಮಾರ. ಈಗ ಪಾಕೀಟ ಮೊಸರ" ಅಂದ. ಆಮೇಲೆ ಯಾವ ಎಮ್ಮೆ ಎಷ್ಟು ಹಿಂಡುತ್ತಿತ್ತು, ಯಾವ ಊರಿನವನು ಬಂದು ಹೊಡೆದುಕೊಂಡು ಹೋದ, ಒಂದೊಂದರ ಕಥೆ ತೆಗೆದ. ಮಜ್ಜಿಗೆಗೆ ಬಂದವನಿಗೆ ಎಮ್ಮೆಯ ಕ್ರಯವೇಕೆ? ಕರೇ ಚಹಾ ಕುಡಿದು ಎದ್ದೆ.

ತಿರುಗಿ ಬಸ್ಸಿಗೆ ಎರಡು ತಾಸಿತ್ತು. ಎದುರಿಗೆ ಕೋಟೆ. ಮದುವೆಯಾದ ಹೊಸತರಲ್ಲಿ ಅವಳು ನನ್ನನ್ನು ಅಲ್ಲಿಗೆ ಕರೆದೊಯ್ದಿದ್ದಳು, ಮೇಲೆ ತಲುಪಿ ನನಗಿಂತ ಮೊದಲು ಕೂತುಕೊಂಡು ನಕ್ಕಿದ್ದಳು. ಈಗ ನಾನು ಎಲ್ಲಿಯೂ ನಿಲ್ಲದೆ ಹತ್ತಿದೆ. ಮೇಲೆ ಹೋಗಿ ಬೆವರು ಒರೆಸಿಕೊಂಡು, ನಿಜ ಹೇಳುತ್ತೇನೆ, ಯಾರಾದರೂ ನೋಡಿದರೇನೋ ಎಂದು ಸುತ್ತ ನೋಡಿದೆ. ಎರಡು ಮೇಕೆ ಇದ್ದವು. ಕೆಳಗೆ ಜೋಳದ ಹೊಲ ಹಸಿರಾಗಿ ಹರಡಿತ್ತು. "ನೋಡು, ಹತ್ತಿದೆ" ಎಂದು ಬಾಯಿಬಿಟ್ಟು ಅಂದೆ. ಅಂದ ಮೇಲೆ ನನ್ನ ದನಿ ಕೇಳಿ ನನಗೇ ಅಳು ಬಂತು. ಕಲ್ಲಿನ ಮೇಲೆ ಕೂತು ಅತ್ತು, ಮೂಗು ಒರೆಸಿಕೊಂಡು ಇಳಿದೆ.

ಇನ್ನು ಉಳಿದದ್ದು ಒಂದೇ ಮನೆ. ನಮ್ಮ ಗೋಡೆಗೆ ಗೋಡೆ ಹತ್ತಿಸಿಕೊಂಡು ಇಪ್ಪತ್ತು ವರ್ಷ ಇದ್ದ ನೆರೆಮನೆಯ ಅಕ್ಕಾರು. ಮಗನಿಗೆ ಎಂ.ಕೆ. ಹುಬ್ಬಳ್ಳಿಯಲ್ಲಿ ಕೆಲಸ ಸಿಕ್ಕು ಅಲ್ಲಿಗೆ ಹೋಗುವಾಗ, ನಮ್ಮಾಕೆ ಗೋಡೆಯ ಮೇಲಿಂದಲೇ ಒಂದು ಬಟ್ಟಲು ಹೆಪ್ಪು ದಾಟಿಸಿದ್ದು ನನಗೆ ನೆನಪಿತ್ತು. ಮರುದಿನ ಕಿತ್ತೂರಿಗೆ ಹೋಗಿ ಅಲ್ಲಿಂದ ಇನ್ನೊಂದು ಬಸ್ಸು ಹಿಡಿದೆ. ಕಬ್ಬಿನ ಹಂಗಾಮು. ಊರು ಇನ್ನೂ ದೂರವಿರುವಾಗಲೇ ಎರಡೆರಡು ಟ್ರೇಲರ್ ಕಟ್ಟಿದ ಟ್ರ್ಯಾಕ್ಟರುಗಳು ರಸ್ತೆ ತುಂಬಿ ನಿಂತಿದ್ದವು. ಬಸ್ಸು ಅಲುಗಾಡಲಿಲ್ಲ. ನಾನು ಇಳಿದು ನಡೆದೆ. ಟ್ರ್ಯಾಕ್ಟರಿನವನೊಬ್ಬ "ಅಜ್ಜಾ, ಒಂದ ಕಬ್ಬ ತಗೋರಿ" ಎಂದು ಎಳೆದುಕೊಟ್ಟ. ಹಲ್ಲಿನಿಂದಲೇ ಸಿಗಿದು ತಿನ್ನುತ್ತ ಹೋದೆ.

ಅಕ್ಕಾರು ಬಾಗಿಲ ಹತ್ತಿರ ಕುರ್ಚಿಯಲ್ಲಿ ಕೂತಿದ್ದರು. ನನಗಿಂತ ಎರಡು ವರ್ಷ ಸಣ್ಣವರು. ಎದ್ದು ನಿಲ್ಲಲು ನಾಲ್ಕು ಕಾಲಿನ ಕೋಲು ಬೇಕು. ನನ್ನನ್ನು ಮೇಲಿಂದ ಕೆಳಗೆ ನೋಡಿ "ಅಣ್ಣಾರ, ನಡಕೋತ ಬಂದ್ರೇನು? ದೇವರು ನಿಮಗ ಒಳ್ಳೆ ಗಟ್ಟಿ ಇಟ್ಟಾನ" ಅಂದರು. ನಾನು ಬಂದ ಕಾರಣ ಹೇಳಿದೆ. ಕರಿಬೇವಿನ ಸಂಗತಿಯನ್ನೂ ಮುಚ್ಚಿಡಲಿಲ್ಲ. ಅವರು ಸೊಸೆಯನ್ನು ಕರೆದು ಮೊಸರಿನ ಗಡಿಗೆ ತರಿಸಿದರು.

"ಇದು ನಿಮ್ಮ ಮನಿಯಾಕೀದ ರೀ. ಒಂದ ದಿನಾನೂ ಬಿಟ್ಟಿಲ್ಲ. ರುಚಿ ನೋಡ್ರಿ, ನಿಮಗ ಗೊತ್ತಾಗತೈತಿ."

"ನಾ ತಿನ್ನಾಂಗಿಲ್ರಿ ಅಕ್ಕಾರ."

"ಗೊತ್ತೈತ್ರಿ" ಅಂದರು. ಸೆರಗಿನ ಅಂಚು ತಿರುವುತ್ತ ಹೇಳಿದರು. "ನನಗ ಗೊತ್ತಿಲ್ಲೇನು? ಆಕಿ ಗ್ವಾಡಿ ಮ್ಯಾಲಿಂದ ಹೇಳತಿದ್ಲು. ಅವರು ಮೊಸರು ಬಿಟ್ಟಿದ್ದಕ್ಕ ನನಗೇನೂ ಇಲ್ರಿ ಅಕ್ಕಾರ, ಅವರ ಮೈಗೆ ಒಗ್ಗಿದ್ದು ಅವರು ಉಣ್ಣಲಿ. ಆದ್ರ ಸಾರನ್ನ ಆದಕೂಡ್ಲೆ ಎದ್ದ ಹೋಗತಾರ. ಕಡೀ ತುತ್ತು ದಿನಾ ಒಬ್ಬಾಕೀನ ಉಣ್ತೇನಿ, ಆವಾಗ ಮನಿ ಭಾಳ ಖಾಲಿ ಅನಸ್ತದ ಅಂತಿದ್ಲು. ಇದನ್ನ ಅವರಿಗೆ ಹೇಳೂದಿಲ್ಲೇನು ಅಂತ ನಾ ಕೇಳಿದ್ರ, ಹೇಳಿದ್ರ ಮತ್ತ ಕಾಲಿನ ಮಾತ ತಗೀತಾರ ಅಂತ ನಗತಿದ್ಲು."

ಅಷ್ಟು ದೂರ ನಡೆದು ಬಂದವನಿಗೆ ಕೂತಲ್ಲಿಂದ ಏಳಲು ಆಗಲಿಲ್ಲ. ಹನ್ನೊಂದು ವರ್ಷ, ದಿನಕ್ಕೆರಡು ಊಟ. ನಾನು ಬಚ್ಚಲಲ್ಲಿ ಕೈ ತೊಳೆಯುತ್ತ ಉಪದೇಶ ಮಾಡುವಾಗ ಅವಳು ಅಡುಗೆಮನೆಯಲ್ಲಿ ಒಬ್ಬಳೇ ಮೊಸರನ್ನ ಕಲಸುತ್ತಿದ್ದಳು. ಈ ಒಂದು ವರ್ಷದಲ್ಲಿ ನನಗೆ ಆದದ್ದು ಅವಳಿಗೆ ನಾನಿದ್ದಾಗಲೇ ಆಗಿತ್ತು.

ಗಡಿಗೆ ಹತ್ತಿರ ಎಳೆದುಕೊಂಡೆ. ಬೆರಳು ಅದ್ದಿ ನಾಲಿಗೆಗೆ ಇಟ್ಟೆ. ತಣ್ಣಗಿತ್ತು, ಹುಳಿ ಇತ್ತು. ಕಣ್ಣು ಮುಚ್ಚಿ ಇನ್ನೊಮ್ಮೆ ಇಟ್ಟೆ. ಅವಳ ಮೊಸರೇ ಇದು, ಹೌದೋ ಅಲ್ಲವೋ? ನನಗೆ ತಿಳಿಯಲಿಲ್ಲ. ಮೂವತ್ತು ವರ್ಷಕ್ಕೂ ಹೆಚ್ಚು ದಿನಾ ಉಂಡ ರುಚಿ. ಅದು ನನ್ನ ನಾಲಿಗೆಯ ಮೇಲೆ ಎಲ್ಲಿಯೂ ಇರಲಿಲ್ಲ. ಮೊಸರು ಅನ್ನುವುದಷ್ಟೇ ಗೊತ್ತಾಯಿತು.

"ಅದ ಅಲ್ರೀ?" ಎಂದು ಅಕ್ಕಾರು ಕೇಳಿದರು. ಅವರ ಮುಖ ನೋಡಿ "ಹೂಂ ರೀ, ಅದ" ಅಂದೆ. ಮುದುಕಿಗೆ ಸಂತೋಷವಾಯಿತು. ಡಬ್ಬಿ ತುಂಬಿಸಿ, ಮುಚ್ಚಳಕ್ಕೆ ಬಟ್ಟೆ ಕಟ್ಟಿಸಿ ಕೊಟ್ಟರು, ಇನ್ನೂ ಹೊತ್ತು ಮುಳುಗಿಲ್ಲವಲ್ಲ ಎಂದು ಎರಡು ಸಲ ಹೊರಗೆ ನೋಡಿಸಿದರು.

ಎಡೆಗೆ ಇನ್ನೂ ಆರು ದಿನ. ಅಲ್ಲಿಯವರೆಗೆ ಹೆಪ್ಪನ್ನು ಬದುಕಿಸಬೇಕು. ದೊಡವಾಡದಿಂದ ಮೋಟರ್ ಸೈಕಲ್ಲಿಗೆ ಕ್ಯಾನು ಕಟ್ಟಿಕೊಂಡು ಬರುವ ಹಾಲಿನವನು ವರ್ಷದಿಂದ ನಮ್ಮ ಬಾಗಿಲಲ್ಲಿ ನಿಲ್ಲದೆ ಹೋಗುತ್ತಿದ್ದ. ಮರುದಿನ ಪಾತ್ರೆ ಹಿಡಿದು ಅವನನ್ನು ತಡೆದೆ. "ಸಾಹೇಬ್ರ, ನಿಮಗ ಹಾಲು? ಸೂರ್ಯ ಯಾವ ಕಡೆ ಹುಟ್ಯಾನ ಇವತ್ತ?" ಅಂದ. ಹಾಕು ಸುಮ್ಮನೆ ಎಂದು ಗದರಿದೆ. ಮೊದಲ ಸಲ ಹಾಲು ಬಿಸಿ ಹೆಚ್ಚಾಗಿ ಮೊಸರು ಒಡೆದು ನೀರಾಯಿತು. ಹೆಪ್ಪಿನ ಅರ್ಧ ತೆಗೆದಿಟ್ಟಿದ್ದೆ, ಪುಣ್ಯ. ಎರಡನೆಯ ಸಲ ಕಿರುಬೆರಳು ಅದ್ದಿ, ಸುಡುತ್ತದೆಯೋ ಇಲ್ಲವೋ ಎಂದು ಬಹಳ ಹೊತ್ತು ಯೋಚಿಸಿ, ಕದಡಿ, ಚಳಿಗೆ ಅವಳ ಕೌದಿ ಸುತ್ತಿ ಇಟ್ಟೆ. ಬೆಳಗ್ಗೆ ಎದ್ದು ಗಡಿಗೆ ಓರೆ ಮಾಡಿ ನೋಡಿದೆ. ಅಲುಗಾಡಲಿಲ್ಲ. ಆ ದಿನ ನಡಿಗೆಗೆ ಹೋಗುವುದೂ ಮರೆತು ಗಡಿಗೆಯ ಮುಂದೆ ಕೂತಿದ್ದೆ.

ರಾಮದುರ್ಗಕ್ಕೆ ಬಸ್ಸಿನಲ್ಲಿ ಮಡಿಲಲ್ಲಿ ಗಡಿಗೆ ಇಟ್ಟುಕೊಂಡು ಹೋದೆ. ಮಗಳು ಬಾಗಿಲು ತೆರೆದು, ಗಡಿಗೆ ನೋಡಿ, ಅಲ್ಲೇ ನಿಂತಳು.

"ಅವ್ವಂದೇನು?"

ಹೌದು ಅಂದಿದ್ದರೆ ಮುಗಿದಿತ್ತು. ಅಕ್ಕಾರಿಗೆ ಅಂದೆನಲ್ಲ. ಮಗಳ ಮುಂದೆ ಬಾಯಿ ಬರಲಿಲ್ಲ. "ಅವ್ವ ಕೊಟ್ಟ ಹೆಪ್ಪು ಅಂತ ನೆರಿಮನಿ ಅಕ್ಕಾರು ಕೊಟ್ರು. ನಾ ನಾಲಿಗಿಗೆ ಹಚ್ಚಿ ನೋಡ್ದೆ. ನನಗ ತಿಳೀಲಿಲ್ಲವಾ. ನನಗ ಅದರ ರುಚಿ ಮರತೈತಿ."

"ನೀವು ತಿಂದ್ರಿ?" ಎಂದು ಅವಳು ನನ್ನನ್ನೇ ನೋಡಿದಳು. ಗಡಿಗೆ ಇಸಿದುಕೊಂಡು ತಾನೂ ಬೆರಳು ಅದ್ದಿ ಬಾಯಿಗಿಟ್ಟಳು. ಕಣ್ಣಲ್ಲಿ ನೀರು ತುಂಬಿತು. "ನನಗೂ ತಿಳೀವಲ್ದು ಯಪ್ಪಾ. ನೀವು ಅಂದದ್ದು ಖರೆ, ನಾ ಪಾಕೀಟಿಂದ ತಿಂದ ತಿಂದ ಮರತೇನಿ. ಇಡೂಣು. ಆಕೀನ ನೋಡಿ ಹೇಳ್ಲಿ." ಅಂದು ನಕ್ಕಳು, ಅಳುತ್ತಲೇ.

ಎಡೆ ಆಯಿತು. ಬಂದವರೆಲ್ಲ ಉಂಡು ಹೋದರು. ಕೊನೆಗೆ ನಾನು, ಮಗಳು ಇಬ್ಬರೇ ಎದುರುಬದುರು ಕೂತೆವು. ನನಗೆ ಬೇರೆ ಪಾತ್ರೆಯಲ್ಲಿ ಎಣ್ಣೆಯ ಒಗ್ಗರಣೆ ಹಾಕಿ ಮಾಡಿದ್ದಳು. ರೊಟ್ಟಿ, ಪಲ್ಲೆ, ಸಾರನ್ನ ಮುಗಿಯಿತು. ಅವಳು ತನ್ನ ತಾಟಿಗೆ ಅನ್ನ ಹಾಕಿಕೊಂಡು ಗಡಿಗೆಗೆ ಕೈ ಚಾಚುತ್ತ, "ಏಳ್ರಿ ಯಪ್ಪಾ, ಕೈ ತೊಳಕೋರಿ. ಬಚ್ಚಲದಾಗ ನೀರ ಇಟ್ಟೇನಿ" ಅಂದಳು.

"ನೀ ಉಣ್ಣು. ನಾ ಕುಂದರತೇನಿ."

ನನಗೆ ಮೊಸರು ಬೇಕೇನೋ ಎಂದು ಅವಳು ಚಮಚ ಮೇಲೆತ್ತಿದಳು. ಬೇಡವೆಂದು ತಲೆಯಾಡಿಸಿದೆ. ಅವಳು ಕಲಸಿಕೊಂಡು ಉಣ್ಣತೊಡಗಿದಳು. ನಡುವೆ ಒಮ್ಮೆ, ಕರಿಬೇವು ಹೇಗಿದೆ ಎಂದು ಕೇಳಿದಳು. ಚಿಗುರಿದೆ ಅಂದೆ. ನನ್ನ ಎಂಜಲು ಕೈ ತಾಟಿನ ಮೇಲೆ ಒಣಗಿ ಬಿಗಿಯಿತು. ಅವಳು ಕೊನೆಯ ತುತ್ತು ಉಣ್ಣುವವರೆಗೂ ಕೂತಿದ್ದೆ. ಬಾಯಲ್ಲಿ ನೀರು ಬರಲಿಲ್ಲ, ವ್ರತ ಕೆಡಲಿಲ್ಲ, ಮೊಣಕಾಲು ನೋಯಲಿಲ್ಲ. ಮೊಸರು ತಿನ್ನಬೇಕಾಗಿಯೇ ಇರಲಿಲ್ಲ ನಾನು. ಇಷ್ಟು ಹೊತ್ತು ಕೂತಿದ್ದರೆ ಸಾಕಾಗಿತ್ತು ನಮ್ಮಾಕೆಗೆ.